ಭಾರವಾದ ಕರಡಿಗೆ

ಮೂವತ್ತೆರಡು ವರ್ಷ ಹಳಿಯಾಳದ ಹೈಸ್ಕೂಲಿನಲ್ಲಿ ನಾನು ಕಪ್ಪುಹಲಗೆಯ ಮೇಲೆ ಮನುಷ್ಯನ ಹೃದಯವನ್ನು ಬರೆದಿದ್ದೇನೆ. ಕೆಂಪು ಸೀಮೆಸುಣ್ಣ, ನೀಲಿ ಸೀಮೆಸುಣ್ಣ, ನಾಲ್ಕು ಕೋಣೆ, ಬಾಣದ ಗುರುತು. ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡವನು. ಅಂಥ ನನಗೆ, ದಿನಾ ಕಣ್ಣೆದುರಿಗೇ ಕೂತು ರೊಟ್ಟಿ ಬಡಿಯುತ್ತಿದ್ದವಳ ಹೃದಯ ಕೆಡುತ್ತಿರುವುದು ಗೊತ್ತಾಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಸುಮ್ಮನಿದ್ದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ನೀಲಮ್ಮನಿಗೆ ಈಗ ಅರವತ್ತೆಂಟು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು. ನಮ್ಮವರ ರೂಢಿಯಂತೆ ಆಕೆಯ ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಇರುತ್ತದೆ. ದಾರದಲ್ಲಿ ಇಳಿಬಿದ್ದು ಅದು ಸರಿಯಾಗಿ ಎದೆಯ ನಡುವೆ ಕೂರುತ್ತದೆ. ಹೋದ ವರ್ಷ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಎದ್ದವಳು, “ಯಾಕೋ ಕರಡಿಗಿ ಭಾರ ಆಗೇತ್ರಿ” ಎಂದಳು. ವಯಸ್ಸಾದಂತೆ ತೂಕ ಏರಿಸಿಕೊಳ್ಳುವವರು ಮನುಷ್ಯರು, ಬೆಳ್ಳಿಗೆ ಆ ಚಟವಿಲ್ಲ ಎಂದು ನಾನು ಪೇಪರಿನಿಂದ ತಲೆಯೆತ್ತದೆ ಹೇಳಿದೆ. ನನ್ನ ಜೋಕಿಗೆ ನಾನೇ ನಕ್ಕೆ.

ವಾರದ ಮೇಲೆ ಮತ್ತೆ ಅದನ್ನೇ ಹೇಳಿದಾಗ ಕ್ರಮ ಕೈಗೊಂಡೆ. ವಿಜ್ಞಾನದ ಮಾಸ್ತರ ಕೈಗೊಂಡ ಕ್ರಮ ಎಂಥದ್ದು ನೋಡಿ: ಪತ್ತಾರನ ಹತ್ತಿರ ಹೋಗಿ ಸಣ್ಣದೊಂದು, ಹಗುರವಾದ ಕರಡಿಗೆ ಮಾಡಿಸಿ ತಂದೆ. ಆಕೆ ಹಾಕಿಕೊಂಡಳು. ಹೇಗಿದೆ ಎಂದು ಕೇಳಿದವನೂ ನಾನೇ, ಹಗುರಾಯಿತಲ್ಲ ಎಂದು ಉತ್ತರ ಕೊಟ್ಟವನೂ ನಾನೇ.

ಇದು ನನ್ನ ವೃತ್ತಿಯಿಂದ ಬಂದ ರೋಗ. ತರಗತಿಯಲ್ಲಿ ಪ್ರಶ್ನೆ ಕೇಳಿ ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಾಯುತ್ತಿದ್ದೆ, ಆಮೇಲೆ ಉತ್ತರ ನಾನೇ ಹೇಳಿಬಿಡುತ್ತಿದ್ದೆ. ಭಾರ ಇಳಿಯದೆ ಊರಿನ ಡಾಕ್ಟರರ ಹತ್ತಿರ ಹೋದಾಗಲೂ ಅದೇ ಆಯಿತು. ಎದೆ ನೋವು ಇದೆಯೇನಮ್ಮಾ ಎಂದು ಅವರು ಕೇಳಿದ್ದು ನೀಲಮ್ಮನನ್ನು. ಆಕೆ ಬಾಯಿ ತೆರೆಯುವಷ್ಟರಲ್ಲಿ ನಾನು, “ಇಲ್ರಿ, ಆಕೀಗೆ ಬರೇ ಗ್ಯಾಸು” ಎಂದೆ. ಹೆಂಡತಿಯನ್ನು ದವಾಖಾನೆಗೆ ಕರೆದೊಯ್ದ ಗಂಡ ಆಕೆಯ ಬೇನೆಯನ್ನೂ ತಾನೇ ಹೇಳುವುದು ನಮ್ಮ ಕಡೆಯ ವಾಡಿಕೆ. ಗ್ಯಾಸಿನ ಗುಳಿಗೆ ಬಂತು, ಎರಡು ತಿಂಗಳು ನಡೆಯಿತು.

ಈ ಗ್ಯಾಸು ಎಂಬ ಶಬ್ದದ ಬಗ್ಗೆ ಆಮೇಲೆ ಬಹಳ ಯೋಚಿಸಿದ್ದೇನೆ. ಕನ್ನಡದಲ್ಲಿ ಎದೆಗೆ ಎಷ್ಟೊಂದು ಕೆಲಸ ಕೊಟ್ಟಿದ್ದೇವೆ! ಧೈರ್ಯ ಬಂದರೆ ಎದೆಗಾರಿಕೆ, ಹೋದರೆ ಎದೆಗುಂದುವುದು. ಹೆದರಿದರೆ ಅದು ಝಲ್ಲೆನ್ನುತ್ತದೆ, ಮಗ ಪಾಸಾದರೆ ಉಬ್ಬುತ್ತದೆ. ಆದರೆ ನಿಜವಾದ ಕಾಯಿಲೆ ಬಂದು ಅಲ್ಲಿ ಕೂತರೆ ಮಾತ್ರ ಅದನ್ನು ಮೆಲ್ಲಗೆ ಕೆಳಗಿಳಿಸಿ ಹೊಟ್ಟೆಯ ಲೆಕ್ಕಕ್ಕೆ ಹಾಕುತ್ತೇವೆ. ಹೃದಯ ಕೆಟ್ಟವನು ಸಿನಿಮಾದಲ್ಲಿ ಆಗುವಂತೆ ಎಡ ಎದೆ ಹಿಡಿದುಕೊಂಡು ಕುಸಿಯಬೇಕು ಎಂದು ನಾನೂ ನಂಬಿದ್ದೆ.

ಮುಂಡಗೋಡದಲ್ಲಿ ನನ್ನ ತಂಗಿಯ ಮಗಳು ಸುಜಾತಾ ನರ್ಸು. ಅವಳ ಮನೆಗೆ ಹೋದೆವು. ಕರೆದೊಯ್ಯಲು ಬಂದಿದ್ದ ಅವಳ ಜೊತೆ ಬಸ್ ನಿಲ್ದಾಣದಿಂದ ನಡೆಯುವಾಗ ನೀಲಮ್ಮ ಬಳೆ ಅಂಗಡಿಯ ಮುಂದೆ ನಿಂತಳು, ಪಾತ್ರೆ ಅಂಗಡಿಯ ಮುಂದೆ ನಿಂತಳು, ಕೊನೆಗೆ ಸೈಕಲ್ ಟೈರುಗಳನ್ನೂ ನೋಡುತ್ತ ನಿಂತಳು. ನಿಮ್ಮ ಅತ್ತೆ ಈ ವಯಸ್ಸಿನಲ್ಲಿ ಸೈಕಲ್ ಕಲಿಯುವ ಹಾಗಿದೆ ಎಂದು ನಾನು ಸುಜಾತಾಳಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ಬಗ್ಗಿ ಅತ್ತೆಯ ಪಾದದ ಗಂಟಿನ ಹತ್ತಿರ ಬೆರಳಿನಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೇ ಉಳಿಯಿತು.

“ಮಾಮಾ, ಅತ್ತಿ ಅಂಗಡಿ ನೋಡಾಕ ನಿಂತಿಲ್ಲ,” ಎಂದಳು. “ದಮ್ಮು ಹತ್ತಿ ನಿಂತಾರ.”

ಆ ಮಧ್ಯಾಹ್ನವೇ ಇಸಿಜಿ ಆಯಿತು, ಅಲ್ಲಿಂದ ನೇರ ಹುಬ್ಬಳ್ಳಿ. ಹೃದಯದ ಡಾಕ್ಟರು ಹೆಣ್ಣುಮಗಳು. ಏನಾಗುತ್ತಿದೆ ಎಂದು ಆಕೆ ಕೇಳಿದ ತಕ್ಷಣ ನಾನು ಶುರು ಮಾಡಿದೆ. “ಸರ, ನಿಮ್ಮ ಪಾಳಿ ಆಮ್ಯಾಲೆ. ಮೊದಲ ಅವರು ಹೇಳಲಿ,” ಎಂದು ನಗುತ್ತಲೇ ನನ್ನನ್ನು ಕೂರಿಸಿದರು. ನೀಲಮ್ಮ ಹೇಳಿದಳು. ಎದೆಯ ಮೇಲೆ ಯಾರೋ ಅಂಗೈ ಊರಿದ ಹಾಗೆ ಭಾರ, ಮೆಟ್ಟಿಲು ಹತ್ತಿದರೆ ಅದು ದವಡೆಗೆ ಏರುತ್ತದೆ, ಮಲಗಲು ಮೂರು ದಿಂಬು ಬೇಕು, ಒಗೆದ ಸೀರೆ ಹಿಂಡಲು ಆಗುವುದಿಲ್ಲ. ಹತ್ತು ನಿಮಿಷ ಹೇಳಿದಳು. ಪಕ್ಕದ ಕುರ್ಚಿಯಲ್ಲಿ ಕೂತು ನಾನು ಎಲ್ಲವನ್ನೂ ಮೊದಲ ಸಲ ಕೇಳಿದೆ.

ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದವರಲ್ಲಿ, ಹೃದಯದ ಬೇನೆ ಎಷ್ಟೋ ಸಲ ನೋವಾಗಿ ಬರುವುದಿಲ್ಲವಂತೆ. ಭಾರ, ಸುಸ್ತು, ದಮ್ಮು, ಇಷ್ಟೇ. ಒಂದು ಸಣ್ಣ ಹೃದಯಾಘಾತ ಯಾರಿಗೂ ತಿಳಿಯದೆ ಆಗಿಹೋಗಿದೆ ಎಂದು ಡಾಕ್ಟರು ತೆರೆಯ ಮೇಲೆ ತೋರಿಸಿದರು. ಹೃದಯದ ಒಂದು ಬದಿ ಬಡಿಯುತ್ತಿತ್ತು, ಇನ್ನೊಂದು ಬದಿ ಅದರ ಜೊತೆ ಸುಮ್ಮನೆ ಅಲುಗುತ್ತಿತ್ತು. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು. ನನಗೆ ಅದು ಗೊತ್ತು. ಪಾಠ ಮಾಡಿದ್ದೇನೆ.

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದೆ, ಮೊದಲೇ ಯಾಕೆ ಹೇಳಲಿಲ್ಲವೆಂದು. ಅದನ್ನೂ ಮಾಸ್ತರನ ಗತ್ತಿನಲ್ಲೇ ಕೇಳಿದೆ.

“ಹೇಳಿದ್ನೆಲ್ರಿ,” ಎಂದಳು. “ನೀವು ನಕ್ರಿ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಿರಿದಾದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಈಗ ಮನೆಯಲ್ಲಿ ಉಪ್ಪಿನಕಾಯಿಯ ಭರಣಿ ಅಟ್ಟ ಹತ್ತಿದೆ. ನೀಲಮ್ಮ ಬೆಳಿಗ್ಗೆ ತೂಕದ ಯಂತ್ರ ಹತ್ತುತ್ತಾಳೆ. ಒಮ್ಮೆಲೇ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದರ್ಥ, ಕೂಡಲೇ ಫೋನ್ ಮಾಡಬೇಕು. ಗುಳಿಗೆಯನ್ನು ಆಕೆಯೇ ನೆನಪಿಟ್ಟು ತೆಗೆದುಕೊಳ್ಳುತ್ತಾಳೆ. ನನ್ನ ಪಾಲಿನ ಪಥ್ಯ ಬೇರೆ. ಹೆಂಗ ಐತಿ ಎಂದು ಕೇಳಿ, ನೋಟುಬುಕ್ಕು ಹಿಡಿದು, ಬಾಯಿ ಮುಚ್ಚಿಕೊಂಡು ಕೂರಬೇಕು. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತೇನೆ. ಉಪ್ಪು ಬಿಡುವುದು ಇದಕ್ಕಿಂತ ಸಲೀಸು.

ಹೋದ ವಾರ ಹೀಗೆಯೇ ಕೇಳಿ ಕೂತೆ. ನೀಲಮ್ಮ ಹಾಲಿನವನ ವಿಷಯ ಎತ್ತಿದಳು, ಅಲ್ಲಿಂದ ದಾಂಡೇಲಿಯ ಗೆಳತಿಯ ಸೊಸೆಗೆ ಹೋದಳು, ಅಲ್ಲಿಂದ ತಾನು ಸಣ್ಣವಳಿದ್ದಾಗ ತವರಲ್ಲಿದ್ದ ಒಂದು ಎಮ್ಮೆಗೆ. ಅರ್ಧ ಗಂಟೆಯಾಯಿತು. ಪೆನ್ನು ಹಿಡಿದು ಕಾದಿದ್ದ ನನಗೆ ಗಾಬರಿಯೇ ಆಯಿತು: ಮತ್ತೆ ಯಾವುದೋ ಸೂಚನೆ ನನ್ನ ಕೈ ತಪ್ಪುತ್ತಿದೆಯೇ? “ಇದರಾಗ ನೋವು ಎಲ್ಲೆ ಬಂತು?” ಎಂದು ಕೇಳಿದೆ.

“ನೋವಿನ ಮಾತಲ್ರಿ,” ಎಂದಳು. “ನೀವು ಕೇಳಾಕತ್ತೀರಿ ಅಂತ ಹೇಳಾಕತ್ತೇನಿ.”

ನಾನು ಪೆನ್ನು ಮುಚ್ಚಿದೆ. ಆಕೆ ಎಮ್ಮೆಯ ಕಥೆ ಮುಂದುವರಿಸಿದಳು.