ಜುಲ್ಮೀರಾ ಕೇಳುವ ಕನಸು

ರೆಸಿಫೆ ನಗರದ ಒಂದು ಓಣಿಯಲ್ಲಿ ಬೆಳಗಾದರೆ ಜುಲ್ಮೀರಾ ಸಿಕ್ಕವರನ್ನೆಲ್ಲ ನಿಲ್ಲಿಸಿ ಕನಸು ಕೇಳುತ್ತಾಳೆ. ಸತ್ತವರು ಕಂಡರೆ ಆನೆ, ಕಳ್ಳ ಕಂಡರೆ ಬೆಕ್ಕು. ಅಲ್ಲಿನ ಜೂಜಿನಲ್ಲಿ ಒಂದೊಂದು ಪ್ರಾಣಿಗೂ ಒಂದೊಂದು ನಂಬರು; ಕನಸಿನಿಂದ ಪ್ರಾಣಿ ಗೊತ್ತಾದರೆ ಅದರ ನಂಬರಿಗೆ ದುಡ್ಡು ಕಟ್ಟುತ್ತಾಳೆ. ಪಾದ್ರಿ ಕೆಮ್ಮಿದರೂ ಅವಳಿಗೆ ಮೇಕೆ ಕೇಳಿಸುತ್ತದೆ. ಮೊಮ್ಮಗಳನ್ನು ಸಾಕಲೆಂದು ಸರ್ಕಾರ ಕೊಡುವ ಹಣವನ್ನು ಬಂದ ದಿನವೇ ಆ ಮೇಕೆ ಮೇಯ್ದು ಮುಗಿಸುತ್ತದೆ. “ನಿನ್ನಂಥೋರಿಗೆ ದುಡ್ಡು ಕೊಡೋದೇ ನಿಲ್ಲಿಸ್ಬೇಕು ಕಣೇ,” ಎಂದು ನೆರೆಮನೆಯ ನೀಸಿಯಾ ಚುಚ್ಚಿದರೆ, “ನಿಲ್ಸಿದ್ರೆ ಮಗು ಏನು ತಿನ್ನುತ್ತೆ, ಹೇಳು?” ಎಂದು ಬಾಯಿ ಮುಚ್ಚಿಸುತ್ತಾಳೆ. ಮೊಮ್ಮಗಳು ತೈನಾಗೆ ಮಾತ್ರ ಕನಸೇ ಬೀಳುವುದಿಲ್ಲವಂತೆ. ಈ ತಿಂಗಳು ಹಣ ಬಂದ ದಿನ ಜುಲ್ಮೀರಾ ಜೂಜಿನ ಚೀಟಿ ಬರೆಸಿಕೊಂಡು ಮನೆಗೆ ಬಂದಾಗ, ಬಾಗಿಲಾಚೆ ತೈನಾಳ ಪುಟ್ಟ ದನಿ ನೀಸಿಯಾಳಿಗೆ ಹೇಳುತ್ತಿತ್ತು: “ಬೀಳುತ್ತೆ ಅತ್ತೆ, ದಿನಾ ಬೀಳುತ್ತೆ. ಅಜ್ಜಿಗೆ ಹೇಳಿದ್ರೆ ಅದಕ್ಕೂ ದುಡ್ಡು ಕಟ್ತಾಳೆ, ಹಾಲು ಬರಲ್ಲ.” ಯಾರೂ ನೋಡುತ್ತಿರಲಿಲ್ಲ, ಆದರೂ ಜುಲ್ಮೀರಾ ಚೀಟಿ ಹಿಡಿದ ಕೈಯನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡಳು.