ದೇವರು ಬಾರದ ಬೆಳಗು

1984ರ ಜನವರಿ 22, ಭಾನುವಾರ, ಬೆಳಿಗ್ಗೆ ಆರೂ ನಲವತ್ತು. ರಾಯಚೂರು ಜಿಲ್ಲೆಯ ಗೂಗಲ್ ಊರಿನ ಗುಡಿಯ ಮುಂದೆ, ಕೃಷ್ಣೆಯ ದಂಡೆಯಲ್ಲಿ ಮಂಜು ಕವಿದು, ನೀರು ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ರಕ್ತದೊತ್ತಡಕ್ಕೆಂದು ರಾಯಚೂರಿನ ಡಾಕ್ಟರು ಮಾತ್ರೆಯ ಜೊತೆಗೆ ಹೇಳಿಕೊಟ್ಟಿದ್ದ ಪ್ರಾಣಾಯಾಮವನ್ನು ಅಪ್ಪ ನನ್ನ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಮಾಡುತ್ತಿದ್ದರು. ಉಸಿರು ಬಿಡುವಾಗ ದುಂಬಿಯಂತೆ ಗುಂಯ್‌ಗುಡುತ್ತಿದ್ದರು. ಗುಡಿಗೆ ಬಂದಿದ್ದ ಕಂಬಳಿ ಹೊದ್ದ ಹೆಂಗಸೊಬ್ಬಳು, ಅಪ್ಪನ ಮೈಮೇಲೆ ದೇವರು ಬಂದಿದೆಯೆಂದೇ ತಿಳಿದು ಎದುರಿಗೆ ಕೈಮುಗಿದು ಕುಳಿತಳು.

“ಯಪ್ಪಾ, ಮಗಳು ಮಾನ್ವಿ ದವಾಖಾನ್ಯಾಗ ಎರಡು ದಿನದಿಂದ ಹೆರಿಗಿ ಬ್ಯಾನಿ ತಿನ್ನಾಕತ್ತಾಳ. ಉಳೀತಾಳೇನು, ಹೇಳು.”

ಅಪ್ಪ ಕಣ್ಣು ತೆರೆದರು. “ದೇವ್ರು ಬಂದಿಲ್ಲ ಯವ್ವಾ. ನನಗ ಬಿ.ಪಿ. ಅದ, ಅದಕ್ಕ ಉಸಿರಾಟ ಮಾಡಾಕತ್ತೀನಿ.”

“ಬರೂತನ ಕುಂದರ್ತೀನಿ ತಗೋ.”

ಅವಳು ಮುಗಿದ ಕೈ ಇಳಿಸದೆ ಕುಳಿತೇ ಇದ್ದಳು. ಬೇರೇನೂ ತೋಚದೆ ಅಪ್ಪ ತಮ್ಮ ಜೊತೆಯೇ ಉಸಿರೆಳೆದು ಬಿಡಲು ಹೇಳಿದರು. ಮಂಜಿನೊಳಗೆ ಎರಡು ದನಿಗಳು ನಿಧಾನವಾಗಿ ಒಂದಾದವು. ಬಿಸಿಲು ಮೂಡಿದಾಗ ಅವಳು ಎದ್ದಳು.

“ದೇವ್ರು ಬರ್ಲಿಲ್ಲ ಬಿಡು. ಮಾನ್ವಿತನ ಹೋಗಾಕ ಧೈರ್ಯ ಬಂತು,” ಎಂದು ಬಸ್ಸಿನ ಕಡೆ ನಡೆದಳು.

ಅಪ್ಪನ ಒತ್ತಡ ಈಗ ಹತೋಟಿಯಲ್ಲಿದೆ. ಆದರೂ ದಿನಾ ಬೆಳಿಗ್ಗೆ ಕಣ್ಣು ತೆರೆದೊಡನೆ, “ಆ ಹುಡುಗಿ ಹಡದ್ಲೇನೋ” ಎನ್ನುತ್ತಾರೆ. ನಾವು ಹೆಸರು ಕೇಳಲಿಲ್ಲ. ಆ ತಾಯಿ ಮಗಳನ್ನು ಬಲ್ಲವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ.