ಅಂಗೈಯಲ್ಲಿ ಕೇಳುತ್ತಿದ್ದ ಆಪರೇಟ್ರಣ್ಣ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಗುತ್ತಲಿನ ನಮ್ಮ ಪಕ್ಕದ ಮನೆಯ ಆಪರೇಟ್ರಣ್ಣ ಅಂಗೈಯಲ್ಲಿ ಕೇಳುತ್ತಿದ್ದರು. ರೊಟ್ಟಿ ಹಂಚಿನಷ್ಟು ಅಗಲದ ಬಲ ಅಂಗೈ, ಸದಾ ಬೆಚ್ಚಗೆ. ಬ್ಲಫ್ ಎಂಬಲ್ಲಿ ನೀರಿನಿಂದ ಕರೆಂಟು ತೆಗೆಯುವ ಪವರ್‌ಹೌಸಿನಲ್ಲಿ ಆಪರೇಟರಾಗಿ ದುಡಿದು, ಯಂತ್ರಗಳ ಅಬ್ಬರಕ್ಕೆ ಕಿವಿ ಮುಕ್ಕಾಲು ಹೋಗಿತ್ತು. ಯಂತ್ರದ ಮೇಲೆ ಕೈಯಿಟ್ಟರೆ ಅದು ಸುಖವಾಗಿದೆಯೋ ನರಳುತ್ತಿದೆಯೋ ತಿಳಿಯುತ್ತಿತ್ತು. ನನ್ನ ಮಾತು ಕೇಳಿಸದಿದ್ದರೆ ನನ್ನ ಗಂಟಲ ಮೇಲೆ ಕೈ ಊರಿ, "ಈಗ ಬೊಗಳ್ಲಾ" ಅನ್ನುತ್ತಿದ್ದರು.

ಅವರ ಹೆಂಡತಿ ಮರೆವಿನ ಕಾಯಿಲೆಯಲ್ಲಿ ಹೋದರು. ಕೊನೆಕೊನೆಗೆ ಗಂಡನನ್ನೇ ನೋಡಿ, "ಯಾರಪ್ಪ ನೀನು? ಉಂಡ್ಯಾ?" ಅಂತ ಕೇಳುತ್ತಿದ್ದರು. ಇವರು ಯಾರೋ ನೆಂಟನ ಹಾಗೆ, "ಉಂಡೆ ಕಣಮ್ಮ" ಅನ್ನುತ್ತಿದ್ದರು.

ಆಮೇಲೆ ಮಳವಳ್ಳಿಯಲ್ಲಿ ಟೀಚರಾಗಿರುವ ಅವರ ಮಗಳು ಒಂದು ಸಂಗತಿ ಹೇಳಿದಳು. ಆ ಕಾಯಿಲೆಯ ಬೇರು ಹುಡುಕುವ ವಿಜ್ಞಾನಿಗಳು ತಮ್ಮ ದೊಡ್ಡ ಲೆಕ್ಕವನ್ನು ತುಣುಕು ಮಾಡಿ ಲೋಕದ ಮನೆಮನೆಯ ಕಂಪ್ಯೂಟರಿಗೆ ಕಳಿಸುತ್ತಾರಂತೆ. ಸುಮ್ಮನೆ ಬಿದ್ದಿರುವ ಕಂಪ್ಯೂಟರು ಲೆಕ್ಕ ಮಾಡಿ ಇಂಟರ್‌ನೆಟ್ಟಿನಲ್ಲಿ ವಾಪಸು ಕೊಡಬೇಕು. ಕೂಲಿಯಿಲ್ಲ. ಗಡುವು ಮಾತ್ರ ಉಂಟು. ದಾಟಿದರೆ ಆ ತುಣುಕು ಬೇರೆಯವರ ಪಾಲು. ಆಪರೇಟ್ರಣ್ಣನಿಗೆ ಮತ್ತೆ ಡ್ಯೂಟಿ ಸಿಕ್ಕಿತು.

ಮಗಳ ಹಳೇ ಕಂಪ್ಯೂಟರು ಆಮೆ. ತುಣುಕುಗಳು ಒಂದೊಂದಾಗಿ ಗಡುವು ದಾಟತೊಡಗಿದವು. ಅಣ್ಣ ಡಬ್ಬದ ಪಕ್ಕದ ತಗಡು ಬಿಚ್ಚಿದರು, ಸೈಕಲ್ ಪಂಪಿನಲ್ಲಿ ಧೂಳು ಊದಿದರು, ಎದುರಿಗೆ ಟೇಬಲ್ ಫ್ಯಾನಿಟ್ಟರು. "ಏನಣ್ಣ, ಬಾಣಂತಿಗೂ ಇಷ್ಟು ಉಪಚಾರ ಮಾಡ್ನಿಲ್ವಲ್ಲ ನೀನು!" ಅಂದೆ. ಸೊಪ್ಪು ಹಾಕಲಿಲ್ಲ. ಮದ್ದೂರಿನ ಸಾಬರ ಅಂಗಡಿಗೆ ಹೋಗಿ ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡು ತಂದು ಕೂರಿಸಿದರು. ಇಂಥ ಲೆಕ್ಕವನ್ನು ಅದು ಬಲು ಬೇಗ ಮಾಡುತ್ತದಂತೆ. ಮಾಡಲಿಲ್ಲ. ಕಂಪ್ಯೂಟರಿನೊಳಗೆ ಆಳುಗಳ ಹಾಗೆ ದುಡಿಯುವ ಎಂಟು ಕೋರುಗಳಿಗೂ ಲೆಕ್ಕ ಹೊರಿಸಿ, ಜೊತೆಗೆ ಕಾರ್ಡನ್ನೂ ಹೂಡಿದರೂ ಅದೇ ಆಮೆ ನಡಿಗೆ.

ಗುತ್ತಲಿನಲ್ಲಿ ನನ್ನ ಕೀಟಲೆಗೆ ಸಿಗದ ಗಂಡಸು ಹುಟ್ಟಿಲ್ಲ. ಅಣ್ಣ ಸ್ನಾನಕ್ಕೆ ಹೋದಾಗ ಎಂಟು ಕೋರಿನಲ್ಲಿ ಒಂದಕ್ಕೆ ರಜೆ ಕೊಟ್ಟೆ. ಮುದುಕನ ಅಂಗೈಗೆ ತಿಳಿಯುತ್ತದೋ ಇಲ್ಲವೋ ನೋಡೇಬಿಡೋಣ ಅಂತ.

ಬಂದರು, ಡಬ್ಬದ ಮೇಲೆ ಕೈಯಿಟ್ಟರು. "ಯಾವನ್ಲಾ ಇದ್ನ ಮುಟ್ಟಿದ್ದು?"

"ಇಲಿ ಇರ್ಬೇಕು ಕಣಣ್ಣ."

"ಬಿಳೀ ಮೀಸೆ ಇಲೀನಾ?"

ಬೈಗುಳಕ್ಕೆ ಕಾದೆ. ಅಣ್ಣ ಪರದೆ ನೋಡುತ್ತಿದ್ದರು. ಲೆಕ್ಕ ಓಡುತ್ತಿತ್ತು! ಕಾರ್ಡಿಗೆ ಕೆಲಸ ಎತ್ತಿಕೊಡಲು ಒಂದು ಕೋರು ಬಿಡುವಾಗಿರಬೇಕಿತ್ತು. ಎಂಟೂ ದುಡಿಯುವಾಗ ಕಾರ್ಡು ಕೆಲಸ ಸಿಗದೆ ಉಪವಾಸ ಕೂತಿತ್ತು. ಪಂಡಿತರು ಬಿಡಿಸಲಾರದ್ದನ್ನು ನನ್ನ ಕೀಟಲೆ ಬಿಡಿಸಿತು, ಬರೆದಿಟ್ಟುಕೊಳ್ಳಿ.

ಅಣ್ಣ ನಗಲಿಲ್ಲ. ಕುರ್ಚಿಯಲ್ಲಿ ಕುಸಿದರು.

"ಪವರ್‌ಹೌಸು ನಡೆಯಕ್ಕೇ ಒಂದಿಷ್ಟು ಕರೆಂಟು ಮಡಿಕಬೇಕು ಕಣ್ಲಾ. ಎಲ್ಲಾನೂ ಊರಿಗೇ ಕಳಿಸ್ಬುಟ್ರೆ ಪವರ್‌ಹೌಸೇ ನಿಂತೋಯ್ತದೆ. ಜೀವಮಾನೆಲ್ಲ ಅದ್ನೇ ಮಾಡ್ದೋನು ನಾನು." ತಮ್ಮ ಅಂಗೈ ನೋಡಿಕೊಂಡು, "ಮರ್ತೋಯ್ತು ನೋಡು. ಅವಳ್ಗೂ ಇಂಗೇ ಸುರುವಾಗಿದ್ದು," ಅಂದರು.

ಅಂದಿನಿಂದ ಅವರು ಲೆಕ್ಕಕ್ಕೆ ಆತುರಪಟ್ಟದ್ದು ತೀರಿಹೋದವಳಿಗಾಗಿ ಮಾತ್ರವಲ್ಲ.

ಮರೆವು ಬರುವ ಮೊದಲೇ ಎದೆ ಕೈಕೊಟ್ಟಿತು. ಆಂಬುಲೆನ್ಸು ಬಾಗಿಲಲ್ಲಿ ನಿಂತಿದ್ದರೂ ಅಣ್ಣ ಕಂಪ್ಯೂಟರಿನ ಮುಂದಿನಿಂದ ಏಳಲೊಲ್ಲರು. ಅರ್ಧ ಮುಗಿದ ತುಣುಕಿಗೆ ಅಂದು ಸಂಜೆಯೇ ಗಡುವು.

"ಬ್ಲಫ್‌ನಾಗೆ ಶಿಫ್ಟಿಗೆ ಬಂದೋನು 'ಚಾರ್ಜು ತಗಂಡೆ' ಅನ್ನಗಂಟ ಓಗೋನು ಜಾಗ ಬುಡಂಗಿಲ್ಲ ಕಣ್ಲಾ."

"ತಗತೀನಿ, ಏಳಣ್ಣ."

"ಈಗ್ಲೇ ಬ್ಯಾಡ. ಇದ್ನ ಕಳಿಸ್ಬುಟ್ಟು, ಆಸ್ಪತ್ರೆಗೆ ಬಂದು ಯೋಳು. ಅಲ್ಲೀಗಂಟ ನಾನೇ ಡ್ಯೂಟೀಲಿ ಇರ್ತೀನಿ."

ಆಂಬುಲೆನ್ಸು ಹತ್ತಿ ಹೋದರು. ನಾನು ಕೂತೆ. ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ಲೆಕ್ಕ ಒಂದಿಷ್ಟು ಹಿಂದಿನಿಂದ ಮತ್ತೆ ಶುರುವಾಯಿತು. ಮಗಳು ಆಸ್ಪತ್ರೆಯಿಂದ ಫೋನು ಮಾಡಿ, "ಚಿಕ್ಕಪ್ಪ, ಬೇಗ ಬನ್ನಿ," ಅಂದಳು. ಏಳಲೋ ಬೇಡವೋ ಗೊತ್ತಾಗಲಿಲ್ಲ. ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಲೆಕ್ಕ ಮುಗಿದು, ಗಡುವಿನೊಳಗೇ ಹೋಯಿತು. ಆಟೋ ಹತ್ತಿದೆ.

ಅಣ್ಣ ಕಣ್ಣು ಮುಚ್ಚಿದ್ದರು. ಅವರ ಬಲಗೈ ಎತ್ತಿ ನನ್ನ ಗಂಟಲ ಮೇಲೆ ಊರಿಕೊಂಡು, ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ: "ಹೋಯ್ತು ಕಣಣ್ಣ! ಚಾರ್ಜು ತಗಂಡೆ!" ಅಂಗೈ ಬೆಚ್ಚಗಿತ್ತು.

ಆ ಡಬ್ಬ ಈಗ ನಮ್ಮ ಮನೆಯಲ್ಲಿದೆ. ಏಳು ಕೋರು ದುಡಿಯುತ್ತವೆ, ಒಂದು ಬಿಡುವಾಗಿರುತ್ತದೆ. ಬೆಳಗ್ಗೆ ಎದ್ದು ಮೊದಲು ಅದರ ಮೇಲೆ ಕೈಯಿಡುತ್ತೇನೆ. ನನಗೇನೂ ಕೇಳಿಸುವುದಿಲ್ಲ.

ಇಷ್ಟರಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದೇನೆ. ಆಸ್ಪತ್ರೆಯಲ್ಲಿ ಆ ಅಂಗೈ ಬೆಚ್ಚಗಿರಲಿಲ್ಲ.